ಖಾಲಿ ಪಿಕಪ್‌ನ ಮೈಲೇಜು: ಅಮೆರಿಕದ ಇಂಧನ ಲೇಬಲ್ ಅಳೆಯುವುದೇನು, ಬಿಡುವುದೇನು

ಅಮೆರಿಕದ ವಾಹನ ಮಳಿಗೆಗಳಲ್ಲಿ ಹೊಸ ಪಿಕಪ್ ಟ್ರಕ್ಕಿನ ಗಾಜಿನ ಮೇಲೆ ಅಂಟಿಸಿರುವ ಚೀಟಿಯಲ್ಲಿ ಮೂರು ಅಂಕಿಗಳು ಎದ್ದು ಕಾಣುತ್ತವೆ: ಊರೊಳಗೆ ಗ್ಯಾಲನ್‌ಗೆ ಎಷ್ಟು ಮೈಲಿ, ಹೆದ್ದಾರಿಯಲ್ಲಿ ಎಷ್ಟು, ಎರಡನ್ನೂ ಕೂಡಿಸಿ ನೋಡಿದರೆ ಎಷ್ಟು. ಪರಿಸರ ಸಂರಕ್ಷಣಾ ಸಂಸ್ಥೆ, ಅಂದರೆ ಇಪಿಎ, ಒಪ್ಪಿದ ಅಂಕಿಗಳಿವು. ಕೊಂಡವರ ಅನುಭವಕ್ಕೆ ಇವು ಹೊಂದದಿದ್ದಾಗ ಎರಡು ವಿವರಣೆಗಳು ಸಿದ್ಧವಾಗಿರುತ್ತವೆ. ಕಂಪನಿ ಸುಳ್ಳು ಹೇಳಿದೆ ಎಂಬುದು ಒಂದು, ಚಾಲಕನ ಕಾಲು ಭಾರ ಎಂಬುದು ಇನ್ನೊಂದು. ಎರಡರಲ್ಲೂ ಸ್ವಲ್ಪ ಸತ್ಯವಿದೆ. ಆದರೆ ಪಿಕಪ್ಪಿನ ಮಟ್ಟಿಗೆ ಇವೆರಡಕ್ಕಿಂತ ದೊಡ್ಡ ಕಾರಣ ಪರೀಕ್ಷೆಯ ಕಲ್ಪನೆಯಲ್ಲೇ ಇದೆ ಎಂಬುದು ಈ ಲೇಖನದ ವಾದ. ಹೊರೆ ಹೊರಲೆಂದು ಕಟ್ಟಿದ ವಾಹನವನ್ನು ಆ ಪರೀಕ್ಷೆ ಹೆಚ್ಚುಕಡಿಮೆ ಖಾಲಿಯಾಗಿ, ಒಂದು ದೊಡ್ಡ ಕಾರೆಂಬಂತೆ ಅಳೆಯುತ್ತದೆ.

ಪರೀಕ್ಷೆ ನಡೆಯುವುದು ರಸ್ತೆಯಲ್ಲಲ್ಲ. ವಾಹನದ ಚಕ್ರಗಳನ್ನು ಡೈನಮೋಮೀಟರಿನ ಉರುಳೆಗಳ ಮೇಲೆ ನಿಲ್ಲಿಸಿ, ಪರದೆಯಲ್ಲಿ ಮೂಡುವ ವೇಗದ ಗೆರೆಯನ್ನು ಚಾಲಕ ಅನುಸರಿಸುತ್ತ ಹೋಗುತ್ತಾನೆ. ಹೊಗೆಯಲ್ಲಿ ಹೊರಬಂದ ಇಂಗಾಲವನ್ನು ಲೆಕ್ಕ ಹಾಕಿ, ಸುಟ್ಟ ಇಂಧನವೆಷ್ಟು ಎಂದು ಕಂಡುಹಿಡಿಯುತ್ತಾರೆ. ಹೆಚ್ಚಿನ ಪರೀಕ್ಷೆಗಳನ್ನು ತಯಾರಕರೇ ನಡೆಸುತ್ತಾರೆ. ಮಿಷಿಗನ್ನಿನ ಆ್ಯನ್ ಆರ್ಬರ್‌ನಲ್ಲಿರುವ ಇಪಿಎ ಪ್ರಯೋಗಾಲಯ ಅವುಗಳಲ್ಲಿ ಸುಮಾರು 15ರಿಂದ 20 ಶೇಕಡಾವನ್ನು ಮರುಪರೀಕ್ಷೆ ಮಾಡಿ ದೃಢಪಡಿಸುತ್ತದೆ.

ಚಾಲಕ ಅನುಸರಿಸುವ ಆ ವೇಗದ ಗೆರೆಗೆ ಪರೀಕ್ಷಾ ಚಕ್ರ ಎನ್ನುತ್ತಾರೆ. ಊರಿನ ಓಡಾಟವನ್ನು ಪ್ರತಿನಿಧಿಸುವ ಚಕ್ರದ ಮೂಲ 1960ರ ದಶಕದ ಲಾಸ್ ಏಂಜಲೀಸ್ ಬೀದಿಗಳಲ್ಲಿದೆ. ಉದ್ದ ಸುಮಾರು ಏಳೂವರೆ ಮೈಲಿ, ಸರಾಸರಿ ವೇಗ ಗಂಟೆಗೆ 19.6 ಮೈಲಿ. ಅದರಲ್ಲಿ ವೇಗವೃದ್ಧಿಯನ್ನು ಸೆಕೆಂಡಿಗೆ 3.3 ಮೈಲಿ-ಪ್ರತಿ-ಗಂಟೆಗೆ ಮಿತಿಗೊಳಿಸಿದ್ದಾರೆ. ಜನ ಹಾಗೆ ಓಡಿಸುತ್ತಿದ್ದರು ಎಂಬುದು ಇದಕ್ಕೆ ಕಾರಣವಾಗಿರಲಿಲ್ಲ. ಅಂದಿನ ಉರುಳೆಗಳು ಅದಕ್ಕಿಂತ ಜೋರಾದ ಎಳೆತವನ್ನು ತಾಳುತ್ತಿರಲಿಲ್ಲ. ಹೆದ್ದಾರಿ ಚಕ್ರದ ಉದ್ದ 10.26 ಮೈಲಿ, ಸರಾಸರಿ ವೇಗ 48.3 ಮೈಲಿ, ಗರಿಷ್ಠ 60. ರಾಷ್ಟ್ರಕ್ಕೆಲ್ಲ 55 ಮೈಲಿಯ ವೇಗಮಿತಿ ಜಾರಿಯಾದ 1974ರ ಆಸುಪಾಸಿನ ಕಾಲಕ್ಕೆ ಅದು ಒಪ್ಪುತ್ತಿತ್ತು. ಆ ಮಿತಿ 1995ರಲ್ಲಿ ರದ್ದಾಯಿತು. ಇಂದು ಟೆಕ್ಸಸ್ಸಿನ ಒಂದು ಟೋಲ್ ರಸ್ತೆಯಲ್ಲಿ 85 ಮೈಲಿ ವೇಗದವರೆಗೆ ಕಾನೂನುಬದ್ಧವಾಗಿಯೇ ಓಡಿಸಬಹುದು.

ಈ ಅಂತರ ಇಪಿಎಗೆ ತಿಳಿಯದ ಸಂಗತಿಯಲ್ಲ. 1985ರ ಮಾದರಿಗಳಿಂದಲೇ ಊರಿನ ಅಂಕಿಯಲ್ಲಿ ಶೇ. 10, ಹೆದ್ದಾರಿಯ ಅಂಕಿಯಲ್ಲಿ ಶೇ. 22 ಕಡಿತ ಮಾಡಿ ಲೇಬಲ್ಲಿಗೆ ಹಾಕುವ ಪದ್ಧತಿ ಬಂತು. 2006ರ ಕೊನೆಯಲ್ಲಿ ಹೊರಬಿದ್ದು 2008ರ ಮಾದರಿಗಳಿಗೆ ಅನ್ವಯಿಸಿದ ನಿಯಮ ಇನ್ನೂ ಮುಂದೆ ಹೋಯಿತು. ಹಳೆಯ ಎರಡು ಚಕ್ರಗಳ ಜೊತೆಗೆ ಮೂರು ಹೊಸವು ಸೇರಿದವು: 80 ಮೈಲಿಯವರೆಗೆ ಏರುವ ಬಿರುಸಿನ ಚಾಲನೆ, 95 ಡಿಗ್ರಿ ಫ್ಯಾರನ್‌ಹೀಟ್ ಬಿಸಿಲಿನಲ್ಲಿ ಎಸಿ ಹಾಕಿಕೊಂಡ ಓಡಾಟ, 20 ಡಿಗ್ರಿ ಚಳಿಯಲ್ಲಿ ತಣ್ಣನೆಯ ಎಂಜಿನ್ನಿನಿಂದ ಆರಂಭ. ಗಾಳಿ, ಟೈರಿನ ಒತ್ತಡ, ರಸ್ತೆಯ ಒರಟು ಮುಂತಾಗಿ ಉರುಳೆಯ ಮೇಲೆ ತೋರಿಸಲಾಗದ ಅಂಶಗಳಿಗೆಂದು ಶೇ. 9.5ರಷ್ಟು ಪ್ರತ್ಯೇಕ ಕಡಿತವೂ ಬಂತು.

ಆದರೆ ಐದೂ ಪರೀಕ್ಷೆಗಳನ್ನು ಪ್ರತಿ ವಾಹನಕ್ಕೂ ಮಾಡಬೇಕೆಂದಿಲ್ಲ. ಹಳೆಯ ಎರಡು ಚಕ್ರಗಳ ಫಲಿತಾಂಶವನ್ನು ಒಂದು ಸೂತ್ರಕ್ಕೆ ಹಾಕಿ ಲೇಬಲ್ ಅಂಕಿಯನ್ನು ಪಡೆಯಲು ಅವಕಾಶವಿದೆ. ಇಂದಿನ ಸೂತ್ರದ ಪ್ರಕಾರ ಉರುಳೆಯ ಮೇಲೆ ಹೆದ್ದಾರಿಯಲ್ಲಿ 30 ತೋರಿದ ಪಿಕಪ್ಪಿಗೆ ಲೇಬಲ್ಲಿನಲ್ಲಿ ಸಿಗುವುದು ಸುಮಾರು 22. ನಮ್ಮ ಅಳತೆಯಲ್ಲಿ ಲೀಟರಿಗೆ ಒಂಬತ್ತು ಕಿ.ಮೀ. ಮೀರಿ ಸ್ವಲ್ಪ. ಊರಿನ 20 ಅಲ್ಲಿ 16 ಆಗುತ್ತದೆ. ಇಷ್ಟು ಕಡಿತವನ್ನು ಕಂಡವರು ಲೇಬಲ್ ಉದಾರವಾಗಿದೆ ಎಂದು ಸುಲಭವಾಗಿ ದೂರಲಾರರು. ಸಮಸ್ಯೆ ಇರುವುದು ಸೂತ್ರ ಎಲ್ಲಿಂದ ಬಂತು ಎಂಬಲ್ಲಿ. ಬಗೆಬಗೆಯ ವಾಹನಗಳ ದತ್ತಾಂಶದ ನಡುವೆ ಎಳೆದ ಸರಾಸರಿ ಗೆರೆ ಅದು. ಬಿರುಸಿನ ಚಕ್ರದಲ್ಲಿ ಗೆರೆಗಿಂತ ಕೆಳಗೆ ಬೀಳುವ ವಾಹನಕ್ಕೆ ಸೂತ್ರ ಆಸರೆಯಾಗುತ್ತದೆ. ಊರಿನಲ್ಲಿ ಶೇ. 4, ಹೆದ್ದಾರಿಯಲ್ಲಿ ಶೇ. 5ಕ್ಕಿಂತ ಹೆಚ್ಚು ಕೆಳಗೆ ಬಿದ್ದರೆ ಮಾತ್ರ ಐದು ಚಕ್ರಗಳ ನಿಜ ಫಲಿತಾಂಶವನ್ನೇ ಬಳಸಬೇಕು. ಅಷ್ಟರೊಳಗಿನ ಕೊರತೆ ಲೇಬಲ್ಲಿನಲ್ಲಿ ಕಾಣುವುದಿಲ್ಲ.

ಪಿಕಪ್ ಆ ಗೆರೆಯಿಂದ ಜಾರಲು ಅದರ ಮೈಕಟ್ಟೇ ಮೊದಲ ಕಾರಣ. ಗಾಳಿಯ ಎಳೆತ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ; ಅದನ್ನು ಗುಣಿಸುವುದು ಮುಂಭಾಗದ ವಿಸ್ತೀರ್ಣ ಮತ್ತು ಆಕಾರದ ಗುಣಾಂಕ. ಒಂದು ಅಂದಾಜು ಲೆಕ್ಕ ಮಾಡೋಣ. ದೊಡ್ಡ ಪಿಕಪ್ಪಿಗೆ ಮುಂಭಾಗ 3.3 ಚದರ ಮೀಟರ್, ಗುಣಾಂಕ 0.40, ತೂಕ 2,300 ಕಿಲೋ. ಸೆಡಾನ್ ಕಾರಿಗೆ 2.2 ಚದರ ಮೀಟರ್, 0.28, 1,600 ಕಿಲೋ ಎಂದಿಟ್ಟುಕೊಳ್ಳೋಣ. ಎರಡಕ್ಕೂ ಟೈರಿನ ಉರುಳು ಪ್ರತಿರೋಧ ತೂಕದ ನೂರರಲ್ಲೊಂದು ಪಾಲು. ಪರೀಕ್ಷೆಯ ಸರಾಸರಿ ವೇಗವಾದ 48 ಮೈಲಿಯಲ್ಲಿ ಪಿಕಪ್ ಎದುರಿಸುವ ಒಟ್ಟು ಪ್ರತಿರೋಧ ಸುಮಾರು 600 ನ್ಯೂಟನ್. 75 ಮೈಲಿಯಲ್ಲಿ ಅದು 1,100ನ್ನು ದಾಟುತ್ತದೆ. ಸೆಡಾನಿನಲ್ಲಿ ಅದೇ ಏರಿಕೆ 330ರಿಂದ 570ರ ಆಸುಪಾಸು. ಅಂದರೆ ಅದೇ ರಸ್ತೆ, ಅದೇ ವೇಗ, ಆದರೆ ಪಿಕಪ್ ಹೆಚ್ಚುವರಿಯಾಗಿ ಎಳೆಯಬೇಕಾದ ಬಲ ಕಾರಿನದಕ್ಕಿಂತ ಎರಡು ಪಟ್ಟಿಗೂ ಮೇಲೆ. ಭಾರ ಹೆಚ್ಚಿದಂತೆ ಎಂಜಿನ್ ತುಸು ದಕ್ಷವಾಗುವುದರಿಂದ ಇಂಧನದ ವೆಚ್ಚ ಇದೇ ಅನುಪಾತದಲ್ಲಿ ಏರುವುದಿಲ್ಲ, ನಿಜ. ಆದರೂ ದಿಕ್ಕು ಇದೇ.

ಎದುರುಗಾಳಿಯನ್ನೂ ಇಲ್ಲಿ ನೆನೆಯಬೇಕು. 75 ಮೈಲಿಯಲ್ಲಿ ಓಡುವ ವಾಹನಕ್ಕೆ 15 ಮೈಲಿಯ ಎದುರುಗಾಳಿ ಬಂದರೆ ಗಾಳಿಯ ಎಳೆತ ಶೇ. 44 ಏರುತ್ತದೆ. ಮರಳುವಾಗ ಅದೇ ಗಾಳಿ ಬೆನ್ನಿಗಿದ್ದರೂ ಲೆಕ್ಕ ಸಮವಾಗುವುದಿಲ್ಲ. ಎರಡರ ಸರಾಸರಿ ನಿಶ್ಚಲ ಗಾಳಿಯ ಎಳೆತಕ್ಕಿಂತ ಶೇ. 4ರಷ್ಟು ಹೆಚ್ಚೇ ಉಳಿಯುತ್ತದೆ. ಬಯಲು ಸೀಮೆಯ ಕ್ಯಾನ್ಸಸ್ಸಿನಲ್ಲೋ ವಯೋಮಿಂಗಿನಲ್ಲೋ ಪಿಕಪ್ ಇಟ್ಟುಕೊಂಡವರಿಗೆ ಇದು ದಿನನಿತ್ಯದ ವೆಚ್ಚ. ಹಿಂಬಾಗಿಲನ್ನು ಕೆಳಗಿಳಿಸಿದರೆ ಗಾಳಿ ಸರಾಗ ಹೋಗುತ್ತದೆಂಬ ನಂಬಿಕೆ ಚಾಲಕರಲ್ಲಿ ವ್ಯಾಪಕವಾಗಿದೆ. ವಾಸ್ತವ ತಿರುವುಮುರುವು. ಬಾಗಿಲು ಮುಚ್ಚಿದ್ದಾಗ ತೊಟ್ಟಿಯೊಳಗೆ ಸುತ್ತುವ ಗಾಳಿಯ ಸುಳಿಯ ಮೇಲೆ ಹೊರಗಿನ ಪ್ರವಾಹ ಜಾರಿ ಹೋಗುತ್ತದೆ. ತೆರೆದರೆ ಆ ಸುಳಿ ಒಡೆದು ಎಳೆತ ಸಾಮಾನ್ಯವಾಗಿ ಹೆಚ್ಚುತ್ತದೆ.

ಉರುಳೆಗೆ ಎಷ್ಟು ಪ್ರತಿರೋಧ ಕೊಡಬೇಕೆಂದು ತಿಳಿಯಲು ತಯಾರಕರು ವಾಹನವನ್ನು ಮೊದಲು ನಿಜವಾದ ಟ್ರ್ಯಾಕಿನಲ್ಲಿ ವೇಗಕ್ಕೇರಿಸಿ, ನ್ಯೂಟ್ರಲ್‌ನಲ್ಲಿ ತಾನಾಗಿ ನಿಧಾನವಾಗಲು ಬಿಟ್ಟು, ಆ ಇಳಿಕೆಯನ್ನು ದಾಖಲಿಸುತ್ತಾರೆ. ಇಡೀ ಕಟ್ಟಡ ನಿಂತಿರುವುದು ಈ ಒಂದು ಅಳತೆಯ ಮೇಲೆ. ಇಲ್ಲಿ ತಪ್ಪಿದರೆ ಏನಾಗುತ್ತದೆಂಬುದು ಹ್ಯುಂಡೈ ಮತ್ತು ಕಿಯಾ ಪ್ರಕರಣದಲ್ಲಿ ಜಾಹೀರಾಯಿತು. 2012ರಲ್ಲಿ ಆ ಕಂಪನಿಗಳು ತಮ್ಮ ಹಲವು ಕಾರುಗಳ ಅಂಕಿಗಳನ್ನು ಇಳಿಸಬೇಕಾಯಿತು. 2014ರಲ್ಲಿ 10 ಕೋಟಿ ಡಾಲರ್ ದಂಡಕ್ಕೆ ಒಪ್ಪಿದವು. ಅವು ಪಿಕಪ್‌ಗಳಲ್ಲ. ಆದರೆ ಪಿಕಪ್ಪಿನಲ್ಲಿ ಈ ಅಳತೆ ಇನ್ನೂ ನಾಜೂಕು. ಒಂದೇ ಹೆಸರಿನ ಪಿಕಪ್ ಹಲವು ಉದ್ದದ ತೊಟ್ಟಿ, ಹಲವು ಬಗೆಯ ಕ್ಯಾಬಿನ್, ಬೇರೆಬೇರೆ ಆಕ್ಸಲ್ ಅನುಪಾತ, ಬೇರೆಬೇರೆ ಟೈರುಗಳಲ್ಲಿ ಮಾರಾಟವಾಗುತ್ತದೆ. ಲೇಬಲ್ ಇವುಗಳಲ್ಲಿ ಹಲವನ್ನು ಒಂದೇ ಅಂಕಿಯೊಳಗೆ ಸೇರಿಸುತ್ತದೆ. 3.31ರ ಬದಲು 3.73 ಅನುಪಾತದ ಆಕ್ಸಲ್ ಆರಿಸಿಕೊಂಡವರ ಎಂಜಿನ್ ಅದೇ ವೇಗಕ್ಕೆ ಹೆಚ್ಚು ಸುತ್ತು ತಿರುಗುತ್ತದೆ, ಆದರೆ ಚೀಟಿ ಬದಲಾಗದೆ ಇರಬಹುದು.

ಕೊಂಡ ಮೇಲೆ ಮಾಲೀಕರು ಮಾಡುವ ಬದಲಾವಣೆಗಳೂ ಪಿಕಪ್ಪಿನಲ್ಲೇ ಹೆಚ್ಚು. ದೊಡ್ಡ ಟೈರಿನ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. 32 ಇಂಚಿನ ಜಾಗದಲ್ಲಿ 35 ಇಂಚಿನದನ್ನು ಹಾಕಿದರೆ ಚಕ್ರ ಒಂದು ಸುತ್ತಿಗೆ ಶೇ. 9ರಷ್ಟು ಹೆಚ್ಚು ದೂರ ಹೋಗುತ್ತದೆ. ಓಡೋಮೀಟರನ್ನು ಸರಿಹೊಂದಿಸದಿದ್ದರೆ ಅದು ಹಳೆಯ ಲೆಕ್ಕವನ್ನೇ ಬರೆಯುತ್ತದೆ. ಹೀಗೆ ಒರಟು ಟೈರಿನಿಂದ ಆದ ನಿಜವಾದ ನಷ್ಟದ ಮೇಲೆ, ಎಣಿಕೆಯ ದೋಷದಿಂದ ಕಾಣುವ ಹುಸಿ ನಷ್ಟವೂ ಕೂಡಿಕೊಳ್ಳುತ್ತದೆ. ಮಾಲೀಕರು ವರದಿ ಮಾಡುವ ಅಂಕಿಗಳನ್ನು ಬಳಸುವ ಸಂಶೋಧಕರು ಇದನ್ನು ಗಮನಿಸಲೇಬೇಕು.

ಚಳಿ ಮತ್ತು ಇಂಧನದ ಬಗ್ಗೆ ಸಂಕ್ಷಿಪ್ತವಾಗಿ ಹೇಳಿದರೆ ಸಾಕು. ಅಮೆರಿಕದ ಇಂಧನ ಇಲಾಖೆಯ ಪ್ರಕಾರ 77 ಡಿಗ್ರಿಗೆ ಹೋಲಿಸಿದರೆ 20 ಡಿಗ್ರಿಯಲ್ಲಿ ಊರಿನ ಮೈಲೇಜು ಸುಮಾರು ಶೇ. 15 ಇಳಿಯುತ್ತದೆ, ಮೂರು ನಾಲ್ಕು ಮೈಲಿಯ ಗಿಡ್ಡ ಓಡಾಟದಲ್ಲಿ ಶೇ. 24ರವರೆಗೂ. ನಾಲ್ಕು ಚಕ್ರಕ್ಕೂ ಶಕ್ತಿ ಕೊಡುವ ಪಿಕಪ್ಪಿನಲ್ಲಿ ಬಿಸಿಯಾಗಬೇಕಾದ ಗೇರೆಣ್ಣೆಯೂ ಹೆಚ್ಚು. ಲೇಬಲ್ ಅಂಕಿಯ ಬುಡದಲ್ಲಿರುವುದು ಎಥನಾಲ್ ಬೆರೆಸದ ಪೆಟ್ರೋಲ್. ಬಂಕಿನಲ್ಲಿ ಸಿಗುವುದು ಸಾಮಾನ್ಯವಾಗಿ ಶೇ. 10 ಎಥನಾಲ್ ಇರುವಂಥದ್ದು. ಅದರ ಶಕ್ತಿ ಶೇ. 3ರಷ್ಟು ಕಡಿಮೆ. ಸೂತ್ರದಲ್ಲಿ ಇದಕ್ಕೂ ಒಂದಿಷ್ಟು ಜಾಗವಿದೆ.

ಜಾಗವೇ ಇಲ್ಲದಿರುವುದು ಹೊರೆಗೆ. ಪಿಕಪ್ಪನ್ನು ಅದರ ಸ್ವಂತ ತೂಕದ ಮೇಲೆ 300 ಪೌಂಡು, ಅಂದರೆ 136 ಕಿಲೋ ಸೇರಿಸಿ ಪರೀಕ್ಷಿಸುತ್ತಾರೆ. ಚಾಲಕ, ಜೊತೆಗೊಬ್ಬರು, ಅಷ್ಟಕ್ಕೆ ಮುಗಿಯಿತು. ತೊಟ್ಟಿ ಖಾಲಿ, ಹಿಂದೆ ಟ್ರೇಲರ್ ಇಲ್ಲ. ಸಂಸಾರದ ಕಾರಿಗೆ ಇದು ನ್ಯಾಯವಾದ ಕಲ್ಪನೆ. ಜಾಹೀರಾತಿನಲ್ಲಿ ಹತ್ತು ಸಾವಿರ ಪೌಂಡು ಎಳೆಯುವ ಶಕ್ತಿಯನ್ನು ಸಾರುವ ವಾಹನಕ್ಕೆ ಅದೇ ಕಲ್ಪನೆ ಸಾಲದು. ಪ್ರವಾಸದ ಟ್ರೇಲರೊಂದು ಎಂಟು ಅಡಿ ಅಗಲ, ಹತ್ತಡಿಗೂ ಮೀರಿದ ಎತ್ತರದ ಗೋಡೆ. ಪಿಕಪ್ಪಿನ ಎದೆಗಿಂತ ಎರಡು ಪಟ್ಟು ದೊಡ್ಡ ಎದೆಯನ್ನು ಅದು ಗಾಳಿಗೆ ಒಡ್ಡುತ್ತದೆ. ಹೆದ್ದಾರಿಯಲ್ಲಿ ಅದನ್ನು ಎಳೆದುಕೊಂಡು ಹೋಗುವಾಗ ಟ್ರೇಲರಿನ ತೂಕಕ್ಕಿಂತ ಅದರ ಆಕಾರವೇ ಇಂಧನವನ್ನು ತಿನ್ನುತ್ತದೆ. ಘಟ್ಟ ಹತ್ತುವಾಗ ಮಾತ್ರ ತೂಕದ ಸರದಿ.

ಇದಕ್ಕೆ ಜೋಡಿಸಿ ನೋಡಬೇಕಾದದ್ದು ಎಂಜಿನ್ನಿನ ಇತ್ತೀಚಿನ ಇತಿಹಾಸ. ಪಿಕಪ್‌ಗಳಲ್ಲಿ ಮೈಲೇಜು ಹೆಚ್ಚಿಸಲು ಬಂದ ಎರಡು ಮುಖ್ಯ ಉಪಾಯಗಳು ಟರ್ಬೊ ಹಾಕಿದ ಚಿಕ್ಕ ಎಂಜಿನ್ ಮತ್ತು ಸಿಲಿಂಡರುಗಳನ್ನು ನಿದ್ದೆಗೆ ಕಳಿಸುವ ವ್ಯವಸ್ಥೆ. 2011ರ ಮಾದರಿಯಿಂದ ಫೋರ್ಡ್ ಎಫ್-150ರಲ್ಲಿ ದೊರೆತ 3.5 ಲೀಟರಿನ ಜೋಡಿ ಟರ್ಬೊ ಎಂಜಿನ್ ಮೊದಲನೆಯದಕ್ಕೆ ಹೆಸರಾಂತ ಉದಾಹರಣೆ. ಜನರಲ್ ಮೋಟಾರ್ಸ್ ಎರಡನೆಯ ದಾರಿಯನ್ನು ಬಹುಕಾಲದಿಂದ ಬೆಳೆಸಿದೆ. ಎರಡರ ತಿರುಳೂ ಒಂದೇ: ಹಗುರ ಕೆಲಸಕ್ಕೆ ಚಿಕ್ಕ ಎಂಜಿನ್ನಾಗಿ ವರ್ತಿಸುವುದು, ಬೇಕಾದಾಗ ದೊಡ್ಡದಾಗುವುದು. ಪರೀಕ್ಷೆಯ ಬಹುಪಾಲು ಹಗುರ ಕೆಲಸ. ಹೊರೆ ಬಿದ್ದಾಗ ಮಲಗಿದ ಸಿಲಿಂಡರುಗಳು ಎಚ್ಚರಗೊಳ್ಳುತ್ತವೆ, ಟರ್ಬೊ ಪೂರ್ಣ ಒತ್ತಡಕ್ಕೇರುತ್ತದೆ. ಭಾಗಗಳು ಅತಿಯಾಗಿ ಕಾಯದಿರಲೆಂದು ಕೆಲವೊಮ್ಮೆ ಅಗತ್ಯಕ್ಕಿಂತ ಹೆಚ್ಚು ಪೆಟ್ರೋಲನ್ನೇ ಎಂಜಿನ್ ಚೆಲ್ಲಿಕೊಳ್ಳುತ್ತದೆ. ಖಾಲಿ ಓಡಾಟದಲ್ಲಿ ಈ ಉಳಿತಾಯ ಅಪ್ಪಟ ನಿಜ, ಅದನ್ನು ಹೀಗಳೆಯುವುದು ಸಲ್ಲ. ಆದರೆ ಇದರ ಪರಿಣಾಮವಾಗಿ ಖಾಲಿ ಪಿಕಪ್ಪಿನ ಮೈಲೇಜಿಗೂ ತುಂಬಿದ ಪಿಕಪ್ಪಿನ ಮೈಲೇಜಿಗೂ ಇರುವ ಅಂತರ ಹಿಗ್ಗಿದೆ, ಮತ್ತು ಲೇಬಲ್ ಹೇಳುವುದು ಆ ಎರಡರಲ್ಲಿ ಒಂದನ್ನು ಮಾತ್ರ.

ಶೇಕಡಾವಾರು ನೋಡಿದರೆ ಕಾರಿನಲ್ಲೂ ಇಂಥ ಅಂತರಗಳಿವೆಯಲ್ಲ ಎಂದು ಆಕ್ಷೇಪಿಸಬಹುದು. ಡ್ಯೂಕ್ ವಿಶ್ವವಿದ್ಯಾಲಯದ ರಿಚರ್ಡ್ ಲ್ಯಾರಿಕ್ ಮತ್ತು ಜ್ಯಾಕ್ ಸಾಲ್ 2008ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ತೋರಿಸಿದ ಸಂಗತಿ ಇಲ್ಲಿ ಉತ್ತರವಾಗುತ್ತದೆ. ಗ್ಯಾಲನ್‌ಗೆ ಮೈಲಿ ಎಂಬ ಅಳತೆ ವೆಚ್ಚದ ಬಗ್ಗೆ ನಮ್ಮ ಅಂದಾಜನ್ನು ದಾರಿತಪ್ಪಿಸುತ್ತದೆ. 40 ಬರಬೇಕಾದ ಕಾರು 32 ಕೊಟ್ಟರೆ ನೂರು ಮೈಲಿಗೆ ಹೆಚ್ಚಾಗಿ ಸುಡುವುದು ಮುಕ್ಕಾಲು ಗ್ಯಾಲನ್ನಿಗೂ ಕಡಿಮೆ. 20 ಬರಬೇಕಾದ ಪಿಕಪ್ 16 ಕೊಟ್ಟರೆ ಒಂದೂಕಾಲು ಗ್ಯಾಲನ್. ಕೊರತೆ ಎರಡರಲ್ಲೂ ಶೇ. 20, ಜೇಬಿಗೂ ಗಾಳಿಗೂ ಬೀಳುವ ಹೊರೆ ಪಿಕಪ್ಪಿನದು ಇಮ್ಮಡಿ. 2013ರ ಮಾದರಿಗಳಿಂದ ಲೇಬಲ್ಲಿನಲ್ಲಿ ನೂರು ಮೈಲಿಗೆ ಎಷ್ಟು ಗ್ಯಾಲನ್ ಎಂಬುದನ್ನೂ ಅಚ್ಚು ಹಾಕುತ್ತಿರುವುದು ಒಳ್ಳೆಯ ಹೆಜ್ಜೆ.

ಭಾರತದ ಓದುಗರಿಗೆ ಇದು ದೂರದ ವಿಷಯವಾಗಿ ಕಾಣಬೇಕಿಲ್ಲ. ನಮ್ಮಲ್ಲಿ ಕಾರು ಕೊಳ್ಳುವವರು ಕೇಳುವ ಅಧಿಕೃತ ಮೈಲೇಜು ಬಹುಕಾಲ ಯುರೋಪಿನ ಹಳೆಯ ಚಕ್ರವನ್ನು ಗಂಟೆಗೆ 90 ಕಿ.ಮೀ.ಗೆ ಮೊಟಕುಗೊಳಿಸಿದ ಭಾರತೀಯ ಚಕ್ರದ ಫಲ. 2017ರಲ್ಲಿ ಜಾರಿಗೆ ಬಂದ ಇಂಧನ ಬಳಕೆಯ ಮಾನದಂಡವೂ ಪ್ರಯಾಣಿಕ ಕಾರುಗಳಿಗೆ ಸೀಮಿತವಾಗಿತ್ತು. ಕೋಲಾರದಿಂದ ಟೊಮೆಟೊ ಹೇರಿಕೊಂಡು ಬೆಂಗಳೂರಿಗೆ ಬರುವ ಸರಕು ಪಿಕಪ್ ಅದರ ಹೊರಗೆ ಉಳಿಯಿತು.

ಅಮೆರಿಕದಲ್ಲೂ ಇಂಥದೇ ಒಂದು ಬಿರುಕಿದೆ, ನನ್ನ ದೃಷ್ಟಿಯಲ್ಲಿ ಇಡೀ ವ್ಯವಸ್ಥೆಯ ಅತಿ ದೊಡ್ಡ ಲೋಪ ಅದು. ಹೊರೆ ಸೇರಿ ಅನುಮತಿಸಿದ ಒಟ್ಟು ತೂಕ 8,500 ಪೌಂಡನ್ನು ಮೀರುವ ಪಿಕಪ್‌ಗಳಿಗೆ ಈ ಲೇಬಲ್ ಕಡ್ಡಾಯವಿಲ್ಲ. ಫೋರ್ಡ್ ಎಫ್-250, ರ‍್ಯಾಮ್ 2500ರಂಥ, ಅತ್ಯಂತ ಹೆಚ್ಚು ಹೊರುವ, ಎಳೆಯುವ ವಾಹನಗಳು ಅಂಕಿಯೇ ಇಲ್ಲದೆ ಮಾರಾಟವಾಗುತ್ತವೆ. ಹಗುರ ಪಿಕಪ್ಪಿಗೆ ಖಾಲಿಯಾಗಿ ಓಡಿದ ಅಂಕಿ, ಭಾರಿ ಪಿಕಪ್ಪಿಗೆ ಅದೂ ಇಲ್ಲ. ತುಂಬಿ ಓಡಿದ ಅಂಕಿ ಯಾವುದಕ್ಕೂ ಇಲ್ಲ.

ಇದನ್ನು ತುಂಬಲು ಹೊಸ ವಿಜ್ಞಾನ ಬೇಕಿಲ್ಲ. ಎಳೆಯುವ ಸಾಮರ್ಥ್ಯವನ್ನು ಒಂದೇ ಮಾನದಂಡದಲ್ಲಿ ಅಳೆಯುವ ಎಸ್‌ಎಇ ಸಂಸ್ಥೆಯ ಜೆ2807 ವಿಧಾನ 2008ರಿಂದಲೇ ಇದೆ. ಪರೀಕ್ಷೆಗೆ ಬಳಸಬೇಕಾದ ಟ್ರೇಲರ್ ಹೇಗಿರಬೇಕೆಂಬುದೂ ಅದರಲ್ಲಿ ನಿರ್ಧಾರವಾಗಿದೆ. ಅಂಥ ಟ್ರೇಲರನ್ನು ಜೋಡಿಸಿ ಟ್ರ್ಯಾಕಿನಲ್ಲಿ ವೇಗ ಇಳಿಯಲು ಬಿಟ್ಟು, ದೊರೆತ ಗುಣಾಂಕಗಳನ್ನು ಡೈನಮೋಮೀಟರಿಗೆ ಕೊಟ್ಟರೆ, ಟ್ರೇಲರ್ ಒಳಗೆ ಬರದೆಯೇ ಉರುಳೆ ಅದರ ಎಳೆತವನ್ನು ಒದಗಿಸುತ್ತದೆ. ಘೋಷಿತ ಎಳೆಯುವ ಮಿತಿಯ ಅರ್ಧ ಭಾರ, ಸ್ಥಿರವಾದ 65 ಮೈಲಿ ವೇಗ, ನೂರು ಮೈಲಿಗೆ ಎಷ್ಟು ಗ್ಯಾಲನ್: ಹೀಗೊಂದು ನಾಲ್ಕನೆಯ ಅಂಕಿ ಚೀಟಿಗೆ ಸೇರಲಿ, 8,500 ಪೌಂಡಿನ ಆಚೆಗಿನ ಪಿಕಪ್‌ಗಳಿಗೂ ಅದು ಕಡ್ಡಾಯವಾಗಲಿ ಎಂಬುದು ಈ ಅಧ್ಯಯನದ ಶಿಫಾರಸು. ಒಂದೇ ಎಂಜಿನ್ನಿನ ಖಾಲಿ ಮತ್ತು ತುಂಬಿದ ಅಂಕಿಗಳು ಪಕ್ಕಪಕ್ಕದಲ್ಲಿ ಅಚ್ಚಾದರೆ, ಟ್ರೇಲರ್ ಎಳೆಯಲೆಂದೇ ಪಿಕಪ್ ಕೊಳ್ಳುವ ರೈತ ಟರ್ಬೊ ಪೆಟ್ರೋಲ್ ಎಂಜಿನ್ನನ್ನೂ ಡೀಸೆಲ್ಲನ್ನೂ ತನ್ನ ಕೆಲಸದ ಲೆಕ್ಕದಲ್ಲಿ ಹೋಲಿಸಬಲ್ಲ.