ತೂಬು ಎತ್ತುತ್ತಿದ್ದ ನೀರುಗಂಟಿ

ಕೆರೆ ಕಟ್ಟಿಸಿದವರ ಹೆಸರು ಶಾಸನಗಳಲ್ಲಿ ಸಿಗುತ್ತದೆ. ಅವರಿಗೆ ಬಿಟ್ಟ ಭೂಮಿಗೆ ಕಟ್ಟುಕೊಡಗೆ, ಬಿತ್ತುವಟ್ಟ ಎಂಬ ಹೆಸರುಗಳೂ ಇವೆ. ಆದರೆ ಕಟ್ಟಿದ ಕೆರೆಯ ನೀರನ್ನು ಗದ್ದೆಗದ್ದೆಗೆ ಹಂಚಿದವನು ನೀರುಗಂಟಿ. ಹಳ್ಳಿಯ ಆಯಗಾರರಲ್ಲಿ ಅವನೂ ಒಬ್ಬ.

ತೂಬು ತೆರೆಯುವ ಅಧಿಕಾರ ಅವನೊಬ್ಬನದೇ. ರೈತರು ತಾವಾಗಿ ನೀರು ತಿರುಗಿಸಿಕೊಳ್ಳುವಂತಿರಲಿಲ್ಲ. ಮಳೆ ಕೈಕೊಟ್ಟ ವರ್ಷ ಎಷ್ಟು ಗದ್ದೆಗೆ ನೀರು, ಭತ್ತವೋ ರಾಗಿಯೋ ಎಂಬುದನ್ನು ಊರ ಹಿರಿಯರು ಕೂತು ತೀರ್ಮಾನಿಸುತ್ತಿದ್ದರು. ಅದರಂತೆ ಹಗಲೂ ರಾತ್ರಿ ಕಾಲುವೆ ಕಾಯುವುದು ಅವನ ಪಾಲಿನ ಕೆಲಸ. ಸುಗ್ಗಿಯಲ್ಲಿ ಪ್ರತಿ ಕಣದಿಂದ ಅವನಿಗೆ ಧಾನ್ಯ. ಕೊನೆಯ ಗದ್ದೆ ಒಣಗಿದರೆ ಅವನ ಮೊರಕ್ಕೂ ಅಷ್ಟು ಕಡಿಮೆ. ತುದಿಯಲ್ಲಿದ್ದ ಅರ್ಧ ಎಕರೆಯ ರೈತನಿಗೆ ಇದಕ್ಕಿಂತ ದೊಡ್ಡ ರಕ್ಷಣೆ ಇರಲಿಲ್ಲ.

ಕೋಲಾರದ ಕಡೆ ನೀರುಗಂಟಿಗಳಲ್ಲಿ ಅನೇಕರು ದಲಿತರು. ಊರ ಬಾವಿ ಮುಟ್ಟಲಾಗದವನ ಕೈಯಲ್ಲಿ ಊರ ಗದ್ದೆಗಳ ನೀರು! ಈ ವಿಚಿತ್ರವನ್ನು ಹಳೆಯದನ್ನು ಹೊಗಳುವವರು ಮರೆಯಬಾರದು.

1961ರ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ 1963ರಲ್ಲಿ ಜಾರಿಗೆ ಬಂದು ವಂಶಪಾರಂಪರ್ಯದ ಚಾಕರಿಗಳು ಹೋದವು. ಹುಟ್ಟಿನಿಂದ ಅಂಟಿದ ಊಳಿಗ ತಪ್ಪಿದ್ದು ನ್ಯಾಯವೇ. ಆದರೆ ಬಹಳ ಊರುಗಳಲ್ಲಿ ಆ ಜಾಗಕ್ಕೆ ಸಂಬಳದ ಇನ್ನೊಬ್ಬ ಬರಲಿಲ್ಲ. ತೂಬಿನ ಹತ್ತಿರದವರು ಬೇಕಾದಷ್ಟು ಹಾಯಿಸಿಕೊಂಡರು. ಕಾಸಿದ್ದವರು ಕೊಳವೆಬಾವಿ ಕೊರೆಸಿದರು. ಕಾಲುವೆಯ ತುದಿಯಲ್ಲಿದ್ದ ಸಣ್ಣ ರೈತ ಮಳೆಯನ್ನೇ ನಂಬಿ ರಾಗಿ ಬಿತ್ತಿದ.