ಹರಳಿನ ಜೋಡು, ಎರಿ ಮಣ್ಣು

ಹರಳು ಕೂಡಿಸಿದ, ಹಿಮ್ಮಡ ಎತ್ತರಿಸಿದ ಜೋಡುಗಳ ಮುಂದೆ ನಮ್ಮ ಕೇರಿಯ ಹೆಣ್ಣುಮಕ್ಕಳು ನಿಂತುಬಿಟ್ಟರೆ ನಮ್ಮವರೇ ಕೆಲವು ಗೆಳೆಯರಿಗೆ ಸಿಟ್ಟು ಬರುತ್ತದೆ. ಇದು ಬಂಡವಾಳಶಾಹಿಯ ಮೋಹ, ಮಧ್ಯಮವರ್ಗದ ಥಳುಕು, ನಮಗ್ಯಾಕೆ ಬೇಕು ಅಂತ ಕೇಳುತ್ತಾರೆ. ಕೇಳಲಿ. ಆದರೆ ಈ ನಾಡಿನಲ್ಲಿ ಮೆಟ್ಟು ಹೊಲಿದವರು ಯಾರು, ಮೆಟ್ಟಿ ಮೆರೆದವರು ಯಾರು, ಕಳಚಿ ಕೈಯಲ್ಲಿ ಹಿಡಿದು ನಡೆದವರು ಯಾರು ಅನ್ನುವುದನ್ನು ಬಿಟ್ಟು ಜೋಡಿನ ಬಗ್ಗೆ ಮಾತಾಡುವುದು ನಮಗೆ ಸಾಧ್ಯವಿಲ್ಲ.

ಮೊದಲು ಆ ಎತ್ತರದ ಹೀಲಿನ ಮಾತು. ಅದು ಮೂಲದಲ್ಲಿ ಹೆಂಗಸರದ್ದಲ್ಲ, ಗಂಡಸರದ್ದು. ಅದೂ ಕುದುರೆ ಏರುವ ಗಂಡಸರದ್ದು. ಪರ್ಶಿಯಾದ ಸವಾರರು ರಿಕಾಪಿನಲ್ಲಿ ಕಾಲು ಜಾರದೆ ಎದ್ದು ನಿಂತು ಬಾಣ ಬಿಡಲು ಅನುಕೂಲವಾಗಲೆಂದು ಹೀಲಿನ ಜೋಡು ಮೆಟ್ಟುತ್ತಿದ್ದರು. 1599ರಲ್ಲಿ ಶಾ ಅಬ್ಬಾಸನ ರಾಯಭಾರಿಗಳು ಯುರೋಪಿಗೆ ಹೊರಟರು. ಆ ಸುಮಾರಿಗೆ ಪರ್ಶಿಯಾದ ಉಡಿಗೆ ತೊಡಿಗೆಯ ಹುಚ್ಚು ಅಲ್ಲಿನ ಸಿರಿವಂತರಿಗೂ ಹತ್ತಿತು. ಫ್ರಾನ್ಸಿನ ಹದಿನಾಲ್ಕನೆಯ ಲೂಯಿ ತನ್ನ ಹೀಲಿಗೆ ಕೆಂಪು ಬಣ್ಣ ಬಳಿಸಿಕೊಂಡ. ಕೆಂಪು ಹೀಲು ಅರಮನೆಯ ಒಳಬಳಗದ ಗುರುತಾಯಿತು. 1701ರಲ್ಲಿ ರಿಗೋ ಬರೆದ ಚಿತ್ರದಲ್ಲಿ ಆ ದೊರೆ ಕಾಲು ಮುಂದೆ ಚಾಚಿ ಅದನ್ನೇ ತೋರಿಸುತ್ತ ನಿಂತಿದ್ದಾನೆ. ಅಲ್ಲಿ ಕುದುರೆಯೂ ಇಲ್ಲ, ಹೊಲವೂ ಇಲ್ಲ, ಕೆಸರೂ ಇಲ್ಲ. ದುಡಿಯಲು ನಡೆಯಬೇಕಾಗಿಲ್ಲ ಎಂದು ಸಾರುವುದೇ ಆ ಜೋಡಿನ ಕೆಲಸ.

ಹದಿನೆಂಟನೆಯ ಶತಮಾನದಲ್ಲಿ ಗಂಡಸರು ಹೀಲು ಬಿಟ್ಟರು, ಹೆಂಗಸರ ಕಾಲಿಗೆ ಉಳಿಯಿತು. 1950ರ ದಶಕದಲ್ಲಿ ಹೀಲಿನೊಳಗೆ ಉಕ್ಕು ಕೂತು, ಬಟ್ಟಿನಷ್ಟು ಸಪೂರವಾದ ಹಿಮ್ಮಡದ ಮೇಲೆ ಇಡೀ ಮೈಭಾರ ನಿಂತಿತು. ರೋಜೆ ವಿವಿಯೆ ಎಂಬ ಪ್ಯಾರಿಸಿನ ಜೋಡುಗಾರ 1953ರಲ್ಲಿ ಇಂಗ್ಲೆಂಡಿನ ರಾಣಿಯ ಪಟ್ಟಾಭಿಷೇಕಕ್ಕೆ ಬಂಗಾರದ ಬಣ್ಣದ ತೊಗಲಿನ ಜೋಡು ಮಾಡಿ, ಅದರ ಹೀಲಿಗೆ ಕೆಂಪು ಹರಳು ಕೂಡಿಸಿದ. ಇವತ್ತು ಜಾತ್ರೆಯ ಅಂಗಡಿಯಲ್ಲಿ ಪ್ಲಾಸ್ಟಿಕ್ ಹರಳು ಹೊತ್ತು ಕೂತಿರುವುದು ಆ ಜೋಡಿನ ಮೊಮ್ಮಗಳು.

ಆ ಮೊಮ್ಮಗಳನ್ನು ನಾವು ನೋಡುವುದು ಯಮನೂರಿನಲ್ಲಿ. ನವಲಗುಂದ ತಾಲ್ಲೂಕಿನ ಈ ಊರಿಗೆ ಹೋಳಿಯ ಸುಮಾರಿಗೆ ಮಂದಿ ಹರಿದುಬರುತ್ತದೆ. ಮುಸಲ್ಮಾನರಿಗೆ ರಾಜಾಬಾಗಸವಾರ, ಹಿಂದೂಗಳಿಗೆ ಚಾಂಗದೇವ. ಬಾಗ ಅಂದರೆ ಹುಲಿ. ಇವನೂ ಸವಾರನೇ, ಆದರೆ ಹುಲಿಗೆ ರಿಕಾಪು ಇರಲಿಲ್ಲವಾದ್ದರಿಂದ ಹೀಲು ಬೇಕಾಗಿರಲಿಕ್ಕಿಲ್ಲ. ಬೆಣ್ಣಿಹಳ್ಳದಾಗ ಮಿಂದವರು ಕಾಲ್ಮರಿ ಹೊರಗೆ ಬಿಟ್ಟು ದರ್ಗಾದೊಳಗೆ ಹೋಗುತ್ತಾರೆ. ಗೌಡನ ಬೂಟು, ಕೂಲಿಯ ಹವಾಯಿ ಚಪ್ಪಲಿ ಒಂದರ ಮೇಲೊಂದು ಬಿದ್ದಿರುತ್ತವೆ. ಅಲ್ಲಿ ಎಲ್ಲರೂ ಬರಿಗಾಲು. ಹೊರಗಿನ ಅಂಗಡಿಸಾಲಿನಲ್ಲಿ ಮಾತ್ರ ಬಲ್ಬಿನ ಕೆಳಗೆ ಟಿಕಳಿ ಮಿಂಚುತ್ತಿರುತ್ತದೆ. ನಮ್ಮ ಹುಡುಗಿಯರು ಒಂದು ಜೋಡನ್ನು ಕೈಗೆತ್ತಿಕೊಳ್ಳುತ್ತಾರೆ, ತಿರುವುತ್ತಾರೆ, ಅಟ್ಟೆ ಬಗ್ಗಿಸಿ ನೋಡುತ್ತಾರೆ, ಹರಳಿನ ಮೇಲೆ ಉಗುರು ಆಡಿಸಿ ಗಟ್ಟಿಯೋ ಪೊಳ್ಳೋ ಅಂತ ತಿಳಿಯುತ್ತಾರೆ. "ಏನ್ ಮಿಂಚತೈತಿ ನೋಡವಾ!" ಅನ್ನುವುದು ಅದೆಲ್ಲ ಆದ ಮೇಲೆ. ತೊಗಲಿನ ಮನೆತನದ ಮಕ್ಕಳು ಜೋಡು ಮೆಚ್ಚುವ ರೀತಿ ಇದು. ಬೈಯುವ ಗೆಳೆಯರು ಇದನ್ನು ನೋಡಿಲ್ಲ.

ಈ ನೆಲದಲ್ಲಿ ಹೀಲು ಹಾಕಿ ನಡೆಯುವುದು ಹ್ಯಾಂಗ ಅಂತ ನಗುವವರೂ ಇದ್ದಾರೆ. ಮಳೆಗಾಲದಾಗ ಇಲ್ಲಿ ಹತ್ತು ಹೆಜ್ಜೆ ಇಟ್ಟರೆ ಸಾಕು, ಎರಿ ಮಣ್ಣು ಅಂಗಾಲಿಗೆ ಮೆತ್ತಿ ಮೆತ್ತಿ ತಾನೇ ನಾಲ್ಕು ಬಟ್ಟು ಎತ್ತರ ಆಗತೈತಿ. ಕಳೆ ತೆಗೆಯಲು ಹೋದ ನಮ್ಮ ಅವ್ವಂದಿರು ಕುರ್ಪಿಯಿಂದ ಆ ಮಣ್ಣು ಕೆರೆಯುತ್ತ ಕೆರೆಯುತ್ತ ಮನೆ ಮುಟ್ಟುತ್ತಾರೆ. ಎತ್ತರ ಅವರಿಗೆ ಹೊಸದಲ್ಲ ಬಿಡ್ರಿ, ಹರಳು ಹೊಸದು.

ಕನ್ನಡ ನಾಡಿನ ಚರಿತ್ರೆಯಲ್ಲಿ ಎಲ್ಲಕ್ಕಿಂತ ಹೆಸರಾದ ಜೋಡು ಯಾವುದು? ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯ ಮತ್ತು ಕಲ್ಯಾಣಮ್ಮ ತಮ್ಮ ತೊಡೆಯ ತೊಗಲು ತೆಗೆದು ಬಸವಣ್ಣನಿಗಾಗಿ ಮಾಡಿದ ಜೋಡು ಎಂದು ನಮ್ಮ ಜನ ಹೇಳುತ್ತ ಬಂದಿದ್ದಾರೆ. ಬಸವಣ್ಣ ಅದನ್ನು ಕಾಲಿಗೆ ಹಾಕಲಿಲ್ಲ, ತಲೆಯ ಮೇಲಿಟ್ಟುಕೊಂಡ. ಮೆಟ್ಟಲು ಹೋದ ಮಧುವರಸನ ಮೈ ಉರಿದೆದ್ದಿತು. ಅದೇ ಮಧುವರಸನ ಮಗಳಿಗೂ ಹರಳಯ್ಯನ ಮಗನಿಗೂ ಮದುವೆಯಾದಾಗ ಬೀಗರಿಬ್ಬರನ್ನೂ ಆನೆಯ ಕಾಲಿಗೆ ಕಟ್ಟಿ ಎಳೆಸಿದರು. ಅತ್ತ ರಾಮಾಯಣದಲ್ಲಿ ರಾಮನ ಹಾವುಗೆ ಹದಿನಾಲ್ಕು ವರ್ಷ ಸಿಂಹಾಸನದ ಮೇಲೆ ಕೂತು ರಾಜ್ಯ ಆಳಿತು. ಹಾವುಗೆಗೆ ಸಿಂಹಾಸನ ಸಿಕ್ಕಿತು. ಜೋಡು ಮಾಡುವವನಿಗೆ ಮಾತ್ರ ಇವತ್ತಿಗೂ ಊರ ಹೊರಗಿನ ಕೇರಿ.

ಆ ಕೇರಿಯಿಂದ ಊರೊಳಗೆ ಬರುವಾಗ ಗೌಡರ ವಾಡೆಯ ಮುಂದೆ, ಗುಡಿಯ ಮುಂದೆ ನಮ್ಮ ಅಜ್ಜಂದಿರು ಕೆರ ಕಳಚಿ ಕೈಯಲ್ಲಿ ಹಿಡಿಯುತ್ತಿದ್ದರು. ತಾವೇ ಹೊಲಿದ ಕೆರ. 1927ರ ಡಿಸೆಂಬರಿನಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ಹೆಣ್ಣುಮಕ್ಕಳನ್ನು ಕೂಡಿಸಿ, ಅಸ್ಪೃಶ್ಯರೆಂದು ಗುರುತು ಹಿಡಿಸುವ ಉಡಿಗೆ ತೊಡಿಗೆಯನ್ನು ಬಿಡಿರೆಂದು ಹೇಳಿದ್ದು ಸುಮ್ಮನೆ ಅಲ್ಲ. ಮೈಮೇಲಿನ ಬಟ್ಟೆ, ಕಾಲಿನ ಮೆಟ್ಟು ಜಾತಿಯ ಮುದ್ರೆಗಳಾಗಿದ್ದವು. ಇದೆಲ್ಲ ಹಳೆಯ ಕತೆ ಅನ್ನುವವರಿಗೆ ಒಂದು ಮಾತು: ದೌರ್ಜನ್ಯ ತಡೆಯುವ 1989ರ ಕಾಯಿದೆಗೆ 2015ರಲ್ಲಿ ತಿದ್ದುಪಡಿ ತಂದಾಗ, ದಲಿತರು ಸಾರ್ವಜನಿಕ ಜಾಗದಲ್ಲಿ ಪಾದರಕ್ಷೆ ಮೆಟ್ಟುವುದನ್ನು, ಹೊಸ ಬಟ್ಟೆ ತೊಡುವುದನ್ನು ತಡೆಯುವುದು ಅಪರಾಧ ಎಂದು ಪಾರ್ಲಿಮೆಂಟು ಬಿಡಿಸಿ ಬರೆಯಬೇಕಾಯಿತು. ಸಂವಿಧಾನ ಜಾರಿಗೆ ಬಂದು ಆಗಲೇ ಅರವತ್ತೈದು ವರ್ಷವಾಗಿತ್ತು.

ನಮ್ಮವರಿಗೆ ಅಲಂಕಾರ ಗೊತ್ತಿರಲಿಲ್ಲವೆ? ಅಥಣಿ, ನಿಪ್ಪಾಣಿ ಕಡೆಗೆ ಹೋಗಿ ನೋಡ್ರಿ. ಎಮ್ಮೆಯ ತೊಗಲನ್ನು ಜಾಲಿ ತೊಗಟೆ, ಅಳಲೆಕಾಯಿಯ ನೀರಿನಲ್ಲಿ ಹದ ಮಾಡುತ್ತಾರೆ. ಗಂಡಸರು ಅಟ್ಟೆ ಕತ್ತರಿಸಿ ಬಡಿದು ಸಮ ಮಾಡಿದರೆ, ಹೆಂಗಸರು ತೊಗಲನ್ನು ನೂಲಿನಂಥ ಎಳೆಯಾಗಿ ಸೀಳಿ ಜಡೆ ಹೆಣೆಯುತ್ತಾರೆ, ಗೊಂಡೆ ಕಟ್ಟುತ್ತಾರೆ, ಜರಿ ಕೂಡಿಸುತ್ತಾರೆ. ಮೊಳೆ ಇಲ್ಲ, ತೊಗಲಿಗೆ ತೊಗಲಿನದೇ ಹೊಲಿಗೆ. ಹೆಜ್ಜೆಗೊಮ್ಮೆ ಕರ್ ಕರ್ ಅನ್ನುವ ಜೋಡನ್ನೂ ಮಾಡುತ್ತಿದ್ದರು. ದೊಡ್ಡವರು ಬರುವುದು ಓಣಿಗೆಲ್ಲ ಕಿವಿಯಿಂದಲೇ ಗೊತ್ತಾಗುತ್ತಿತ್ತು. ಅಷ್ಟು ಕಲೆ ಬಲ್ಲವರಿಗೆ ಹರಳಿನ ಮಿಂಚು ನೋಡುವ ಯೋಗ್ಯತೆ ಇಲ್ಲ ಅನ್ನುವವರು ಯಾರು?

ಕೊಲ್ಹಾಪುರಿ ಎಂಬ ಹೆಸರಿನ ಈ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಮಹಾರಾಷ್ಟ್ರದ ನಾಲ್ಕು ಜಿಲ್ಲೆ, ಕರ್ನಾಟಕದ ನಾಲ್ಕು: ಬೆಳಗಾವಿ, ಬಾಗಲಕೋಟೆ, ವಿಜಯಪುರ, ಮತ್ತು ನಮ್ಮ ಧಾರವಾಡ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ವೇದಿಕೆಯ ಮೇಲೆ ಅಂಥದೇ ಚಪ್ಪಲಿ ನಡೆಸಿತು, ಬರೇ 'ತೊಗಲಿನ ಚಪ್ಪಲಿ' ಎಂದು ಹೆಸರಿಟ್ಟು. ಗದ್ದಲವಾದ ಮೇಲೆ ಮೂಲ ಒಪ್ಪಿಕೊಂಡಿತು. ಅದೇ ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಲಿಡ್ಕಾಮ್, ಕರ್ನಾಟಕದ ಲಿಡ್ಕರ್ ನಿಗಮಗಳ ಜೊತೆ ಒಪ್ಪಂದವಾಗಿ, 2000 ಜೊತೆ ಮಾಡಿಸಿ ಒಂದೊಂದನ್ನು ಸುಮಾರು 800 ಯುರೋಗೆ ಮಾರುವ ಯೋಜನೆ ಹೊರಬಿತ್ತು. ನಮ್ಮವರು ಕೂಡಿಸಿದ ಗೊಂಡೆಯನ್ನು ಪ್ಯಾರಿಸು, ಮಿಲಾನು ಮೆಚ್ಚಿದರೆ ಅದಕ್ಕೆ ರಸಿಕತೆ ಅನ್ನುತ್ತಾರೆ. ಪ್ಯಾರಿಸಿನಿಂದ ಬಂದ ಹರಳನ್ನು ಯಮನೂರಿನ ಜಾತ್ರೆಯಲ್ಲಿ ಕೂಲಿಯ ಮಗಳು ಮೆಚ್ಚಿದರೆ ಮೋಹ! ಈ ತಕ್ಕಡಿಯನ್ನು ಹಿಡಿದವರು ಯಾರೆಂದು ಗೆಳೆಯರು ಒಮ್ಮೆ ಯೋಚಿಸಬೇಕು.

ಕಳೆದ ಜಾತ್ರೆಯಲ್ಲಿ ನಮ್ಮ ಓಣಿಯ ಹುಡುಗಿಯೊಬ್ಬಳು ಕಾಲೇಜಿಗೆಂದು ಅಂಥ ಜೋಡು ಕೊಂಡಳು. ತಿಂಗಳಲ್ಲಿ ಎರಡು ಹರಳು ಉದುರಿ, ಒಂದು ಹೀಲು ಸಡಿಲಾಯಿತು. ನವಲಗುಂದದಲ್ಲಿ ರಸ್ತೆ ಬದಿಗೆ ಕೂತು ಹೊಲಿಯುವ ಹಿರಿಯರ ಹತ್ತಿರ ಒಯ್ದಳು. ಅವರು ಕನ್ನಡಕ ಮೇಲೇರಿಸಿ ಬಹಳ ಹೊತ್ತು ಅದನ್ನು ತಿರುವಿ ತಿರುವಿ ನೋಡಿದರು. "ಹೊಲಿಗಿ ಒಂದೂ ಇಲ್ಲವಾ, ಬರೇ ಅಂಟು. ಆದರ ಏರು ಚೊಲೋ ಕೊಟ್ಟಾನ. ಮಾಡಿದಾಂವ ಕಸಬುದಾರ ಅದಾನ," ಅಂದರು. ಹೀಲಿನ ಒಳಗಿಂದ ಎರಡು ಮೊಳೆ ಬಡಿದು, ಹರಳು ಕೂಡಿಸಿ, ನಿಂತು ತೋರಿಸು ಅಂದರು. ಅವಳು ಅಲ್ಲೇ ಹಾಕಿಕೊಂಡು ನಿಂತಳು.