ಬಟವಾಡೆಯಿಲ್ಲದ ಹಕ್ಕಿ

ಕೋಲಾರದ ಚಿನ್ನದ ಗಣಿಗಳ ನಡುವಿನ ಊರಿಗಾಮಿನಲ್ಲಿ ಬೆಳೆದವರಿಗೆ ಹೂಡಿಕೆಯ ಚರಿತ್ರೆಯನ್ನು ಗ್ರಂಥಗಳಿಂದ ಕಲಿಯಬೇಕಾದ ಅಗತ್ಯವಿಲ್ಲ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯು ಕೋಲಾರದ ಗಣಿಗಳಿಗೆ ಕೈಯಿಟ್ಟ ಕಾಲದಲ್ಲಿಯೇ ವೈನಾಡಿನ ಬೆಟ್ಟಗಳಲ್ಲಿ ಚಿನ್ನದ ಆಸೆಯಿಂದ ತಲೆಯೆತ್ತಿದ ಅನೇಕ ಆಂಗ್ಲ ಕಂಪೆನಿಗಳು, ಬಂಡೆಯ ಸ್ವಭಾವವನ್ನರಿಯದೆ ಷೇರುಗಳನ್ನು ಮಾರಿ, ಕೆಲವೇ ವರ್ಷಗಳಲ್ಲಿ ನಾಮಾವಶೇಷವಾದುವು. ನಮ್ಮ ನೆಲದಲ್ಲಾದರೋ, ಹಣ ಮುಗಿಯುತ್ತ ಬಂದು ಪಾಲುದಾರರು ಧೃತಿಗೆಟ್ಟಿದ್ದ ಸಮಯದಲ್ಲಿ ಕ್ಯಾಪ್ಟನ್ ಪ್ಲಮ್ಮರ್ ಎಂಬಾತನು ಪ್ರಾಚೀನರು ತೋಡಿ ಬಿಟ್ಟಿದ್ದ ಗುಂಡಿಗಳ ಜಾಡನ್ನೇ ಹಿಡಿದು ಆಳಕ್ಕಿಳಿದುದರಿಂದ ಚಾಂಪಿಯನ್ ರೀಫಿನ ಸಿರಿ ಹೊರಬಿದ್ದಿತು. ವಸ್ತುವಿನ ಸ್ವಭಾವವನ್ನು ವಿಚಾರಿಸದ ಹಣವು ಮತ್ತೊಮ್ಮೆ, ಈ ಸಲ ಸಜೀವವಾದೊಂದು ಪಕ್ಷಿಯ ಮೇಲೆ, ಸುರಿದ ಕಥೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ಎಮು ಆಸ್ಟ್ರೇಲಿಯದ ಬಯಲುಗಳ ಹಕ್ಕಿ. ಆರಡಿಗೆ ಸಮೀಪವಾದ ಎತ್ತರ, ಮೂವತ್ತರಿಂದ ನಲವತ್ತೈದು ಕಿಲೋಗ್ರಾಮಿನಷ್ಟು ತೂಕ, ಹಾರಲಾರದ ಕಿರಿದಾದ ರೆಕ್ಕೆಗಳು, ಮೂರು ಬೆರಳುಗಳ ಬಲಿಷ್ಠ ಪಾದಗಳು, ಒಂದೇ ಬುಡದಿಂದ ಜೋಡಿಯಾಗಿ ಹೊರಡುವ ಕೂದಲಿನಂಥ ಗರಿಗಳು. ಗಂಟೆಗೆ ಸುಮಾರು ಐವತ್ತು ಕಿಲೋಮೀಟರ್ ವೇಗದಲ್ಲಿ ಓಡಬಲ್ಲದಾದರೂ ಅದರ ನಿಜವಾದ ವಿದ್ಯೆ ನಡಿಗೆಯೇ. ಮೇವನ್ನೂ ನೀರನ್ನೂ ಅರಸುತ್ತ ಪಶ್ಚಿಮ ಆಸ್ಟ್ರೇಲಿಯದಲ್ಲಿ ಅದು ಋತುವಿಗನುಗುಣವಾಗಿ ನೂರಾರು ಕಿಲೋಮೀಟರ್ ಸಂಚರಿಸುವುದುಂಟು. ಈ ಸಂಚಾರದ ದಾರಿಯಲ್ಲಿ ಗೋಧಿಯ ಹೊಲಗಳು ಹಬ್ಬಿದ ಕಾರಣದಿಂದಲೇ 1932ರಲ್ಲಿ ಕ್ಯಾಂಪಿಯನ್ ಪ್ರದೇಶದಲ್ಲಿ ಸೈನಿಕರು ಎರಡು ಲೂಯಿಸ್ ಬಂದೂಕುಗಳೊಡನೆ ಈ ಹಕ್ಕಿಗಳ ಮೇಲೆ ಬಿದ್ದರು. ಹಿಂಡುಗಳು ಚದುರಿ ಚದುರಿ ಓಡಿದುದರಿಂದ ಆ ಕಾರ್ಯಾಚರಣೆ ವಿಫಲವಾಯಿತು.

ಸಂತಾನದ ವಿಷಯದಲ್ಲಿ ಈ ಪಕ್ಷಿಯ ನಡೆ ಇನ್ನೂ ಗಮನಾರ್ಹವಾದುದು. ಹಗಲು ಕುಗ್ಗತೊಡಗಿದಾಗ ಅದರ ಪ್ರಜನನಕಾಲ ಆರಂಭವಾಗುತ್ತದೆ. ಕಂಠದಲ್ಲಿರುವ ಗಾಳಿಚೀಲವನ್ನುಬ್ಬಿಸಿ ನಗಾರಿಯಂತೆ ಮೊಳಗುವುದು ಹೆಣ್ಣು. ಗಂಡಿನ ಧ್ವನಿ ಬರಿಯ ಗುರುಗುಟ್ಟುವಿಕೆ. ಹೆಣ್ಣು ಕಡುಹಸುರಾದ ಮೊಟ್ಟೆಗಳನ್ನಿಟ್ಟ ಮೇಲೆ ಕಾವಿಗೆ ಕೂರುವುದು ಗಂಡೇ. ಸುಮಾರು ಎಂಟು ವಾರಗಳ ಕಾಲ ಹೆಚ್ಚುಕಡಮೆ ಅನ್ನನೀರುಗಳನ್ನು ತೊರೆದು, ಮೈಯಲ್ಲಿ ಸಂಚಿತವಾದ ಕೊಬ್ಬಿನಿಂದಲೇ ಜೀವಧಾರಣೆ ಮಾಡಿಕೊಂಡು, ತೂಕದ ಮೂರನೆಯ ಒಂದು ಭಾಗವನ್ನೇ ಕಳೆದುಕೊಂಡು, ಆಮೇಲೆ ಪಟ್ಟೆಪಟ್ಟೆಯ ಮರಿಗಳನ್ನು ತಿಂಗಳುಗಟ್ಟಲೆ ಬೆಂಗಾವಲಾಗಿ ನಡೆಸುತ್ತದೆ. ಇಂಥ ಪಿತೃವಾತ್ಸಲ್ಯವನ್ನು ಓದಿದಾಗಲೆಲ್ಲ ನನಗೆ ಆ ಹಕ್ಕಿಯಲ್ಲಿ ಗೌರವ ಹೆಚ್ಚುತ್ತದೆ.

1892ರಲ್ಲಿ ಚಾಮರಾಜೇಂದ್ರ ಒಡೆಯರು ಸ್ಥಾಪಿಸಿದ ಮೈಸೂರಿನ ಮೃಗಾಲಯದಲ್ಲಿ ಎಮುಗಳನ್ನು ನೋಡಬಹುದು. ಕುತೂಹಲ ಅವುಗಳ ಹುಟ್ಟುಗುಣ. ಮನುಷ್ಯರನ್ನು ಕಂಡರೆ ಕತ್ತು ಚಾಚಿ ಬೇಲಿಯ ಬಳಿಗೆ ಬರುತ್ತವೆ. ಆಹಾರವನ್ನರೆಯಲು ಕಲ್ಲುಗಳನ್ನು ನುಂಗುವ ಈ ಹಕ್ಕಿಗೆ ಹೊಳೆಯುವುದೆಲ್ಲವೂ ನುಂಗಬೇಕಾದ ವಸ್ತುವೇ ಆದುದರಿಂದ, ಗಾಜಿನ ಚೂರು, ಮೊಳೆ, ನಾಣ್ಯಗಳು ಆವರಣದೊಳಗೆ ಬೀಳದಂತೆ ನೋಡಿಕೊಳ್ಳುವುದು ಪ್ರೇಕ್ಷಕರೆಲ್ಲರ ಕರ್ತವ್ಯ.

ವಾಣಿಜ್ಯಕ್ಕಾಗಿ ಎಮುವನ್ನು ಸಾಕುವ ಉದ್ಯಮವು ನಮ್ಮ ದೇಶದಲ್ಲಿ 1990ರ ದಶಕದಲ್ಲಿ, ವಿಶೇಷವಾಗಿ ಆಂಧ್ರದಲ್ಲಿ, ಬೇರೂರಿ, ಅನಂತರ ಕರ್ನಾಟಕಕ್ಕೂ ತಮಿಳುನಾಡಿಗೂ ಹರಡಿತು. ಅದು ಅತಿರೇಕಕ್ಕೇರಿದುದು ಈರೋಡಿನ ಪೆರುಂದುರೈಯಲ್ಲಿ. ಅಲ್ಲಿನ ಸುಸಿ ಎಮು ಫಾರ್ಮ್ಸ್ ಎಂಬ ಸಂಸ್ಥೆಯು, ಒಂದೂವರೆ ಲಕ್ಷ ರೂಪಾಯಿ ಠೇವಣಿಯಿಟ್ಟವರಿಗೆ ಆರು ಮರಿಗಳನ್ನೊಪ್ಪಿಸಿ, ಸಾಕಾಣಿಕೆಗೆಂದು ತಿಂಗಳಿಗೆ ಆರು ಸಾವಿರ ರೂಪಾಯಿ ಕೊಡುವುದಾಗಿ ಸಾರಿತು. ಗಣಿಯ ಬಟವಾಡೆಯ ದಿನದಷ್ಟೇ ನಿಯತವಾಗಿ ಕೈಸೇರುವ ಈ ಹಣ ಎಲ್ಲಿಂದ ಬರಬೇಕು? ಎಮು ವರ್ಷದಲ್ಲಿ ಒಂದೇ ಋತುವಿನಲ್ಲಿ, ನಮ್ಮಲ್ಲಾದರೆ ಚಳಿಗಾಲದ ಸುಮಾರಿನಲ್ಲಿ, ಮೊಟ್ಟೆಯಿಡುತ್ತದೆ. ಅದೂ ಮರಿಗೆ ಒಂದೂವರೆ ಎರಡು ವರ್ಷ ತುಂಬಿದ ಮೇಲೆ. ಅದರ ಮಾಂಸವನ್ನೂ ಎಣ್ಣೆಯನ್ನೂ ಚರ್ಮವನ್ನೂ ಕೊಳ್ಳುವವರ ಸಂಖ್ಯೆ ನಮ್ಮಲ್ಲಿ ಅತ್ಯಲ್ಪ. ಮಾರಾಟವಾಗುತ್ತಿದ್ದುದು ಮರಿಗಳು ಮಾತ್ರ, ಅವನ್ನು ಕೊಳ್ಳುತ್ತಿದ್ದವರು ಹೊಸ ಠೇವಣಿದಾರರು ಮಾತ್ರ. ಹೊಸಬರ ಹಣವೇ ಹಳಬರ ಮಾಸಾಶನವಾಗಿತ್ತು. ಪ್ರಕೃತಿಯು ಋತುವಿಗೆ ಕಟ್ಟಿದ ಪ್ರಾಣಿಯಿಂದ ಪ್ರತಿ ತಿಂಗಳೂ ಸಂಬಳವನ್ನು ನಿರೀಕ್ಷಿಸಿದ ಆ ಲೆಕ್ಕದ ದೋಷವು ಹಕ್ಕಿಯ ಜೀವನಕ್ರಮವನ್ನು ಒಂದು ವರ್ಷ ನೋಡಿದವರಿಗೂ ತಿಳಿಯುವಂಥದು.

2012ರ ಆಗಸ್ಟಿನಲ್ಲಿ ಸಂಸ್ಥೆ ಕುಸಿಯಿತು. ಸಾವಿರಾರು ಕುಟುಂಬಗಳ ಉಳಿತಾಯ ಮುಳುಗಿತು. ಮೇವಿಲ್ಲದೆ ಸೊರಗಿದ ಹಕ್ಕಿಗಳಿಗೆ ಸರ್ಕಾರದ ಪಶುಸಂಗೋಪನಾ ಇಲಾಖೆಯೇ ಆಹಾರವೊದಗಿಸಬೇಕಾಯಿತು. ಮುಂದೆ ನ್ಯಾಯಾಲಯವು ಸಂಸ್ಥೆಯ ಮುಖ್ಯಸ್ಥನಿಗೆ ಶಿಕ್ಷೆ ವಿಧಿಸಿತು. ಠೇವಣಿದಾರರ ನಷ್ಟವನ್ನು ರೂಪಾಯಿಗಳಲ್ಲಿ ಬರೆದಿಟ್ಟಿದ್ದಾರೆ. ಬಂಧನದಲ್ಲಿ ಎರಡು ದಶಕಗಳಷ್ಟು ಬಾಳಬಲ್ಲ, ಬಯಲಿನ ದೂರವನ್ನೇ ಮೈಯಲ್ಲಿ ಹೊತ್ತು ಹುಟ್ಟಿದ ಆ ಹಕ್ಕಿಗಳು ತಂತಿಬೇಲಿಯೊಳಗೆ ಹಸಿವಿನಿಂದ ಅನುಭವಿಸಿದುದನ್ನೂ ಈ ವ್ಯಾಪಾರದ ಚರಿತ್ರೆಯಲ್ಲಿ ಬರೆಯಬೇಕೆಂಬುದು ನನ್ನ ಅಭಿಪ್ರಾಯ.